ಪಾಲ್ ಫೈಯರಾಬೆಂಡ್: ಅರ್ಧ ಮಾತ್ರ ಕೇಳಿಸಿದ ಜಗಳ

ನಮಸ್ಕಾರ. 1987ರಲ್ಲಿ ನೇಚರ್ ಪತ್ರಿಕೆಯಲ್ಲಿ ಇಬ್ಬರು ಭೌತವಿಜ್ಞಾನಿಗಳು ಒಂದು ಖಾರವಾದ ಲೇಖನ ಬರೆದರು. ಅದರಲ್ಲಿ ಒಬ್ಬ ತತ್ವಜ್ಞಾನಿಗೆ ‘ವಿಜ್ಞಾನದ ಅತಿ ಕೆಟ್ಟ ಶತ್ರು’ ಅನ್ನುವ ಬಿರುದು ಕೊಟ್ಟರು. ಅವನೇ ಪಾಲ್ ಫೈಯರಾಬೆಂಡ್. ತಮಾಷೆ ಏನಂದ್ರೆ, ಈ ಶತ್ರು ವಿಯೆನ್ನಾದಲ್ಲಿ ಭೌತಶಾಸ್ತ್ರ ಓದಿದವನು. ಕ್ವಾಂಟಮ್ ಸಿದ್ಧಾಂತದ ಬಗ್ಗೆ ಗಂಭೀರವಾಗಿ ಬರೆದವನು. ಬೈದವರಲ್ಲಿ ಎಷ್ಟು ಜನ ಅವನನ್ನು ಪೂರ್ತಿ ಓದಿದ್ದರೋ ಅನ್ನುವ ಅನುಮಾನ ನನಗಿದೆ. ಹೊಗಳುವವರ ಬಗ್ಗೆಯೂ ಅದೇ ಅನುಮಾನ, ಬಿಡಿ.

ಹುಟ್ಟಿದ್ದು 1924ರಲ್ಲಿ, ವಿಯೆನ್ನಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಅಧಿಕಾರಿ. 1945ರಲ್ಲಿ ರಷ್ಯನ್ ಪಡೆಗಳ ಎದುರು ಹಿಂದೆ ಸರಿಯುವಾಗ ಬೆನ್ನುಮೂಳೆಗೆ ಗುಂಡು ಬಿತ್ತು. ಆಮೇಲೆ ಬದುಕಿಡೀ ಊರುಗೋಲು, ಬದುಕಿಡೀ ನೋವು. ಯುದ್ಧ ಮುಗಿದ ಮೇಲೆ ವೈಮಾರ್‌ಗೆ ಹೋಗಿ ಹಾಡುಗಾರಿಕೆ, ನಾಟಕ ಕಲಿತ. ನಾಟಕಕಾರ ಬ್ರೆಕ್ಟ್ ಸಹಾಯಕನಾಗಿ ಬಾ ಅಂತ ಕರೆದ, ಇವನು ಹೋಗಲಿಲ್ಲ. ಕೇಂಬ್ರಿಜ್‌ನಲ್ಲಿ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಹತ್ತಿರ ಕಲಿಯುವ ಆಸೆ ಇತ್ತು, 1951ರಲ್ಲಿ ಆತ ತೀರಿಕೊಂಡ. ಹಾಗಾಗಿ 1952ರಲ್ಲಿ ಲಂಡನ್‌ಗೆ, ಇನ್ನೊಬ್ಬ ತತ್ವಜ್ಞಾನಿ ಕಾರ್ಲ್ ಪಾಪರ್ ಹತ್ತಿರ. ಅಲ್ಲಿಂದ ಬ್ರಿಸ್ಟಲ್, ಆಮೇಲೆ ಅಮೆರಿಕದ ಬರ್ಕ್ಲಿ.

ಪಾಪರ್ ಹೇಳುತ್ತಿದ್ದದ್ದು ಕೇಳೋಕೆ ಚೆನ್ನಾಗಿತ್ತು. ದಿಟ್ಟವಾಗಿ ಊಹಿಸಿ, ಕಠಿಣವಾಗಿ ಪರೀಕ್ಷಿಸಿ, ಸಾಕ್ಷ್ಯ ವಿರುದ್ಧ ಬಂದರೆ ಆ ಸಿದ್ಧಾಂತವನ್ನು ಬಿಟ್ಟುಬಿಡಿ. ಮೊದಮೊದಲು ಫೈಯರಾಬೆಂಡ್ ಕೂಡ ಇದನ್ನೇ ನಂಬಿದ್ದ. ಆಮೇಲೆ ಇತಿಹಾಸದ ಒಳಗೆ ಇಳಿದು ನೋಡಿದ. ಗೆಲಿಲಿಯೋ ಈ ನಿಯಮ ಪಾಲಿಸಿದ್ದನಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗೋಪುರದ ಮೇಲಿಂದ ಕಲ್ಲು ಬಿಟ್ಟರೆ ಅದು ನೇರ ಬುಡಕ್ಕೇ ಬೀಳುತ್ತೆ. ಗೋಪುರ 45 ಮೀಟರ್ ಇದ್ದರೆ ಬೀಳೋಕೆ ಮೂರು ಸೆಕೆಂಡು. ಭೂಮಿ ತನ್ನ ಸುತ್ತ ತಿರುಗುತ್ತಿದ್ದರೆ, ಇಟಲಿ ಇರುವ ಜಾಗದಲ್ಲಿ ಆ ಮೂರು ಸೆಕೆಂಡಿನಲ್ಲಿ ಗೋಪುರ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮುಂದೆ ಹೋಗಿರಬೇಕು. ಕಲ್ಲು ಅಷ್ಟು ಹಿಂದೆ ಬೀಳಬೇಕಲ್ವಾ? ಬೀಳಲ್ಲ. ಅಂದಮೇಲೆ ಭೂಮಿ ತಿರುಗುತ್ತಿಲ್ಲ. ಆ ಕಾಲದವರ ವಾದ ಇದು, ದಡ್ಡರ ವಾದ ಅಲ್ಲವೇ ಅಲ್ಲ. ಕಣ್ಣೆದುರಿನ ಸಾಕ್ಷ್ಯ ಅವರ ಕಡೆಗಿತ್ತು.

ಗೆಲಿಲಿಯೋ ಏನು ಮಾಡಿದ? ಸೋಲೊಪ್ಪಲಿಲ್ಲ. ಚಲನೆ ಅಂದರೆ ಏನು ಅನ್ನುವುದನ್ನೇ ಬದಲಾಯಿಸಿದ. ಎಲ್ಲವೂ ಒಟ್ಟಿಗೆ ಚಲಿಸುವಾಗ ಆ ಚಲನೆ ನಮಗೆ ಕಾಣೋದಿಲ್ಲ ಅಂದ. ದೂರದರ್ಶಕದ ಕಥೆಯೂ ಹಾಗೇ. 1610ರ ಏಪ್ರಿಲ್‌ನಲ್ಲಿ ಬೊಲೋನ್ಯಾದ ಪಂಡಿತರಿಗೆ ಗುರುಗ್ರಹದ ಚಂದ್ರರನ್ನು ತೋರಿಸೋಕೆ ಹೋದ. ಹೆಚ್ಚಿನವರಿಗೆ ಸರಿಯಾಗಿ ಏನೂ ಕಾಣಲಿಲ್ಲ. ಅಲ್ಲಿದ್ದ ಹಾರ್ಕಿ ಎಂಬ ಯುವಕ ಖಗೋಳಜ್ಞ ಕೆಪ್ಲರ್‌ಗೆ ಪತ್ರ ಬರೆದ. ಈ ಯಂತ್ರ ನೆಲದ ಮೇಲೆ ಅದ್ಭುತವಾಗಿ ಕೆಲಸ ಮಾಡುತ್ತೆ, ಆಕಾಶದಲ್ಲಿ ಮೋಸ ಮಾಡುತ್ತೆ, ನಕ್ಷತ್ರಗಳು ಎರಡೆರಡಾಗಿ ಕಾಣುತ್ತವೆ ಅಂತ. ಆ ಮಸೂರಗಳು ಯಾಕೆ ಹಾಗೆ ತೋರಿಸುತ್ತವೆ ಅಂತ ವಿವರಿಸುವ ಒಳ್ಳೆ ಸಿದ್ಧಾಂತ ಗೆಲಿಲಿಯೋ ಹತ್ತಿರವೂ ಇರಲಿಲ್ಲ.

ಇಷ್ಟೆಲ್ಲ ಬಿಡಿಸಿಟ್ಟದ್ದು 1975ರ ‘ಅಗೇನ್‌ಸ್ಟ್ ಮೆಥಡ್’ ಪುಸ್ತಕ. ಎಲ್ಲ ಕಾಲಕ್ಕೂ ಹೊಂದುವ ಒಂದು ನಿಯಮ ಬೇಕೇ ಬೇಕು ಅಂತ ಹಟ ಹಿಡಿದರೆ, ಉಳಿಯೋದು ‘ಏನು ಮಾಡಿದರೂ ನಡೆಯುತ್ತೆ’ ಅನ್ನೋದೊಂದೇ ಅಂದ. ಅದು ಅವನ ಸಿದ್ಧಾಂತ ಅಲ್ಲ. ಇತಿಹಾಸವನ್ನು ಹತ್ತಿರದಿಂದ ನೋಡಿ ಗಾಬರಿಯಾದ ನಿಯಮಪ್ರಿಯನ ಉದ್ಗಾರ ಅಂತ ಅವನೇ ಸ್ಪಷ್ಟವಾಗಿ ಬರೆದಿದ್ದಾನೆ. ಆದರೆ ಜನಕ್ಕೆ ನೆನಪಿರೋದು ಆ ಒಂದು ಸಾಲು ಮಾತ್ರ.

ಸಾಲದ್ದಕ್ಕೆ ಚರ್ಚ್ ಕೂಡ ಅವನನ್ನು ಬಳಸಿಕೊಂಡಿತು. ಗೆಲಿಲಿಯೋ ಕಾಲದಲ್ಲಿ ಅವನಿಗಿಂತ ಚರ್ಚೇ ವಿವೇಕಕ್ಕೆ ಹೆಚ್ಚು ನಿಷ್ಠವಾಗಿತ್ತು ಅನ್ನುವ ಫೈಯರಾಬೆಂಡ್ ಮಾತನ್ನು ಕಾರ್ಡಿನಲ್ ರಾಟ್ಸಿಂಗರ್ 1990ರ ಭಾಷಣದಲ್ಲಿ ಉಲ್ಲೇಖಿಸಿದ್ದರು. ಆಮೇಲೆ ಅವರೇ ಪೋಪ್ ಆದರು. 2008ರಲ್ಲಿ ರೋಮ್‌ನ ಸಪಿಯೆನ್ಸಾ ವಿಶ್ವವಿದ್ಯಾಲಯಕ್ಕೆ ಬರಬೇಕಿತ್ತು. ಆ ಹಳೇ ಉಲ್ಲೇಖ ಮುಂದಿಟ್ಟು ಅಲ್ಲಿನ ವಿಜ್ಞಾನಿಗಳು ವಿರೋಧಿಸಿದರು, ಭೇಟಿ ರದ್ದಾಯಿತು. ಫೈಯರಾಬೆಂಡ್ ತೀರಿಕೊಂಡು ಆಗಲೇ ಹತ್ತಿರ ಹತ್ತಿರ 14 ವರ್ಷ ಆಗಿತ್ತು.

ಹಾಗಂತ ಅವನದ್ದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ. 1975ರಲ್ಲಿ 186 ವಿಜ್ಞಾನಿಗಳು ಜ್ಯೋತಿಷ್ಯದ ವಿರುದ್ಧ ಒಂದು ಹೇಳಿಕೆಗೆ ಸಹಿ ಹಾಕಿದರು. ಇವನು ಜ್ಯೋತಿಷ್ಯ ನಿಜ ಅನ್ನಲಿಲ್ಲ. ಅದನ್ನು ಓದದೆಯೇ ಬೈಯುತ್ತಿದ್ದೀರಿ, ದೊಡ್ಡ ಹೆಸರುಗಳ ಪಟ್ಟಿ ವಾದ ಆಗಲ್ಲ ಅಂದ. ಆ ಮಾತು ಸರಿ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಎಲ್ಲ ಜ್ಞಾನಪರಂಪರೆಗಳಿಗೂ ಸಮಾನ ಹಕ್ಕು, ಸಮಾನ ಅಧಿಕಾರ ಬೇಕು ಅನ್ನುವವರೆಗೂ ಹೋದ. ಅದರ ಹಿಂದೆ ಕಾಳಜಿ ಇತ್ತು. 60ರ ದಶಕದಲ್ಲಿ ಬರ್ಕ್ಲಿಯ ತರಗತಿಗೆ ಕಪ್ಪು ಜನರ, ಮೆಕ್ಸಿಕನ್ ಮೂಲದವರ, ಮೂಲನಿವಾಸಿಗಳ ಮಕ್ಕಳು ಬರತೊಡಗಿದಾಗ, ಏನು ಯೋಚಿಸಬೇಕು, ಹೇಗೆ ಯೋಚಿಸಬೇಕು ಅಂತ ಇವರಿಗೆ ಹೇಳೋಕೆ ನಾನ್ಯಾರು ಅಂತ ಅವನಿಗೆ ಅನಿಸಿತ್ತು. ಒಳ್ಳೆ ಪ್ರಶ್ನೆ. ಉತ್ತರ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಯಾಕಂದ್ರೆ ಸಾಕ್ಷ್ಯ ಮುಂದೆ ಬರುತ್ತೆ ಅಂತ ನಂಬಿ ಗೆಲಿಲಿಯೋ ಮಾಡಿದ್ದು ಸಾಲ. ಆ ಸಾಲ ತೀರಿತು. 1611ರಲ್ಲೇ ಕೆಪ್ಲರ್ ದೂರದರ್ಶಕದ ಬೆಳಕಿನ ಲೆಕ್ಕ ಬರೆದ. ಅದೇ ವರ್ಷ ರೋಮ್‌ನ ಜೆಸ್ಯೂಟ್ ಖಗೋಳಜ್ಞರೇ, ಅಂದರೆ ಚರ್ಚ್‌ನ ಪಾದ್ರಿ ವಿದ್ವಾಂಸರೇ, ಆ ಚಂದ್ರರನ್ನು ನೋಡಿ ಹೌದು ಅಂದರು. ಚಲನೆಯ ಪ್ರಶ್ನೆಗೆ ಮುಂದೆ ನ್ಯೂಟನ್ ಲೆಕ್ಕ ಒದಗಿಸಿದ. ಜ್ಯೋತಿಷ್ಯ ಎರಡು ಸಾವಿರ ವರ್ಷದಿಂದ ಬರೀ ವಾಯಿದೆ ಕೇಳುತ್ತಿದೆ.

ಇದನ್ನು ಫೈಯರಾಬೆಂಡ್ ಮುಖಕ್ಕೇ ಹೇಳಬೇಕಿದ್ದವನು ಇಮ್ರೆ ಲಕಟೋಶ್. ಹಂಗೇರಿಯವನು, ಲಂಡನ್‌ನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದವನು, ಪ್ರಾಣಸ್ನೇಹಿತ. ಇಬ್ಬರೂ ಸೇರಿ ಒಂದೇ ಪುಸ್ತಕ ಬರೆಯೋದು ಅಂತ ಮಾತಾಗಿತ್ತು. ನೀನು ನಿಯಮಗಳನ್ನು ಬೈ, ನಾನು ಉತ್ತರ ಕೊಡ್ತೀನಿ ಅಂತ ಲಕಟೋಶ್ ಹೇಳಿದ್ದ. ಹೊಸ ಸಿದ್ಧಾಂತಕ್ಕೆ ಅವಕಾಶ ಕೊಡಿ, ಆದರೆ ಅದು ಹೊಸದೇನಾದರೂ ಮುಂಚಿತವಾಗಿ ಹೇಳಿ ನಿಜ ಮಾಡಿ ತೋರಿಸುತ್ತಿರಬೇಕು ಅನ್ನೋದು ಲಕಟೋಶ್ ವಾದ. 1974ರ ಫೆಬ್ರವರಿಯಲ್ಲಿ ಅವನು ಇದ್ದಕ್ಕಿದ್ದಂತೆ ತೀರಿಕೊಂಡ. ಮರುವರ್ಷ ಬೈಗುಳದ ಭಾಗ ಒಂದೇ ‘ಅಗೇನ್‌ಸ್ಟ್ ಮೆಥಡ್’ ಆಗಿ ಅಚ್ಚಾಯಿತು. ನಮ್ಮ ಕೈಗೆ ಸಿಕ್ಕಿದ್ದು ಅದು.

ಅದಕ್ಕೂ ಫೈಯರಾಬೆಂಡ್ ಹತ್ತಿರ ಮರುಪ್ರಶ್ನೆ ಇತ್ತು. ಅವಕಾಶ ಎಷ್ಟು ವರ್ಷ? ಗಡುವು ಇಲ್ಲ ಅಂದರೆ ನಿನ್ನ ನಿಯಮಕ್ಕೆ ಹಲ್ಲಿಲ್ಲ. ಲಕಟೋಶ್ ಗಡುವು ಹೇಳಿರಲಿಲ್ಲ, ಹೇಳೋದು ಸಾಧ್ಯ ಅಂತ ನನಗೂ ಅನಿಸಲ್ಲ. ಇಬ್ಬರ ಪತ್ರಗಳು ಮತ್ತು ಲಕಟೋಶ್ ಕೊಟ್ಟ ಉಪನ್ಯಾಸಗಳು 1999ರಲ್ಲಿ ಒಟ್ಟಿಗೆ ಪುಸ್ತಕವಾಗಿ ಬಂದಿವೆ. ಮೊದಲು ‘ಅಗೇನ್‌ಸ್ಟ್ ಮೆಥಡ್’ನ ಗೆಲಿಲಿಯೋ ಅಧ್ಯಾಯಗಳನ್ನು ಓದಿ, ಆಮೇಲೆ ಈ ಪತ್ರಗಳನ್ನು. ಯಾರ ಕಡೆ ವಾಲಿದಿರಿ ಅಂತ ಕೆಳಗೆ ಬರೆಯಿರಿ.