ನಿಧಾನಕ್ಕೆ ಓಡಿ ಅಂದ್ರೆ ಯಾರೂ ಕೇಳಲ್ಲ

ಎಲ್ರಿಗೂ ನಮಸ್ಕಾರ. ಟೆನ್‌ಕೆ ಅಂದ್ರೆ ಹತ್ತು ಕಿಲೋಮೀಟರ್ ಓಟ, ಹಾಫ್ ಮ್ಯಾರಥಾನ್ ಅಂತ ಹೆಸರು ಕೊಟ್ಟು ಬೆಳಗಿನ ಜಾವ ಎದ್ದು ಓಡ್ತಿದೀರಲ್ಲ, ನಿಮಗೆ ಇವತ್ತು ಒಂದೇ ಮಾತು ಹೇಳ್ತೀನಿ. ನಿಧಾನಕ್ಕೆ ಓಡಿ. ಪಕ್ಕದಲ್ಲಿರೋರ ಜೊತೆ ಆರಾಮಾಗಿ ಮಾತಾಡೋಕೆ ಆಗ್ಬೇಕು, ಅಷ್ಟು ನಿಧಾನ.

ವಾಚಲ್ಲಿ ವಿಓಟು ಮ್ಯಾಕ್ಸ್ ಅಂತ ಒಂದು ನಂಬರ್ ಬರುತ್ತಲ್ಲ, ಶಕ್ತಿಯೆಲ್ಲ ಹಾಕಿ ಓಡಿದಾಗ ನಿಮಿಷಕ್ಕೆ, ಒಂದೊಂದು ಕೆಜಿ ತೂಕಕ್ಕೆ, ಹೆಚ್ಚಂದ್ರೆ ಎಷ್ಟು ಮಿಲಿಲೀಟರ್ ಆಕ್ಸಿಜನ್ ಬಳಸ್ತೀರಿ ಅನ್ನೋ ಲೆಕ್ಕ ಅದು. ಎಲ್ರೂ ಶ್ವಾಸಕೋಶದ ವಿಷ್ಯ ಅನ್ಕೋತಾರೆ. ಅಲ್ಲಾರೀ, ಮುಖ್ಯವಾಗಿ ಹೃದಯದ್ದು. ಒಂದೊಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತೆ, ಅದ್ರಲ್ಲಿರೋ ಆಕ್ಸಿಜನ್ನನ್ನ ಕಾಲಿನ ಸ್ನಾಯು ಎಷ್ಟು ಎಳ್ಕೊಳುತ್ತೆ, ಇಷ್ಟೇ. ತಿಂಗಳುಗಟ್ಲೆ ನಿಧಾನಕ್ಕೆ ಓಡಿದ್ರೆ ಸ್ನಾಯುವೊಳಗೆ ಸಣ್ಣ ಸಣ್ಣ ರಕ್ತನಾಳ, ಆಕ್ಸಿಜನ್ ಬಳಸಿ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಎಲ್ಲ ಹೆಚ್ಚಾಗುತ್ತೆ.

ಇಲ್ಲಿ ಓಟದ ಕೋಚ್ ಆರ್ಥರ್ ಲಿಡಿಯಾರ್ಡ್ ಕಥೆ ಹೇಳ್ಲೇಬೇಕು. ನ್ಯೂಜಿಲೆಂಡಿನ ಆಕ್ಲೆಂಡಲ್ಲಿ ಶೂ ಫ್ಯಾಕ್ಟರಿ ಕೆಲಸ, ಲ್ಯಾಬ್ ಇಲ್ಲ ಏನಿಲ್ಲ, ವರ್ಷಗಟ್ಲೆ ತನ್ನ ಮೈಮೇಲೇ ಪ್ರಯೋಗ ಮಾಡಿ, ವಾರಕ್ಕೆ ನೂರು ಮೈಲಿ ಅಂದ್ರೆ 160 ಕಿಲೋಮೀಟರ್ ಏದುಸಿರು ಬಿಡದ ಹಾಗೆ ಓಡೋದೇ ಬುನಾದಿ ಅಂತ ತೀರ್ಮಾನಕ್ಕೆ ಬಂದ ಮನುಷ್ಯ. ಅವರ ಹತ್ರ ಬಂದವರಲ್ಲಿ ಮರ್ರೇ ಹಾಲ್ಬರ್ಗ್ ಒಬ್ರು, ರಗ್ಬಿ ಆಡುವಾಗ ಪೆಟ್ಟಾಗಿ ಎಡಗೈ ಸ್ವಾಧೀನ ಕಳ್ಕೊಂಡಿದ್ದೋರು. ಇನ್ನೊಬ್ರು ಪೀಟರ್ ಸ್ನೆಲ್. ಸ್ನೆಲ್ ಓಡೋದು 800 ಮೀಟರ್, ಎರಡು ನಿಮಿಷದೊಳಗೆ ಮುಗಿಯೋ ರೇಸು, ಅದಕ್ಕೆ ಭಾನುವಾರ ಬಂದ್ರೆ ಗುಡ್ಡದ ದಾರೀಲಿ 35 ಕಿಲೋಮೀಟರ್! ಜನ ನಗಲ್ವಾ ಮತ್ತೆ? 1960ರ ಸೆಪ್ಟೆಂಬರ್ 2, ರೋಮ್ ಒಲಿಂಪಿಕ್ಸು. ಹೊರಗಿನೋರಿಗೆ ಹೆಸರೂ ಸರಿಯಾಗಿ ಗೊತ್ತಿಲ್ಲದ ಸ್ನೆಲ್, ವಿಶ್ವದಾಖಲೆ ಇಟ್ಕೊಂಡಿದ್ದ ರೋಜರ್ ಮೋಯೆನ್ಸ್‌ನ ಕೊನೇ ಗಳಿಗೇಲಿ ಹಿಂದೆ ಹಾಕಿ ಚಿನ್ನ ಹೊಡೆದ್ರು. ಅದೇ ದಿನ ಹಾಲ್ಬರ್ಗ್‌ಗೆ 5000 ಮೀಟರಲ್ಲಿ ಚಿನ್ನ. ಮ್ಯಾರಥಾನಲ್ಲಿ ಬ್ಯಾರಿ ಮಗೀಗೆ ಕಂಚು, ಅವರೂ ಲಿಡಿಯಾರ್ಡ್ ಹುಡುಗರೇ. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಸ್ನೆಲ್ 800 ಮತ್ತು 1500 ಎರಡನ್ನೂ ಗೆದ್ರು. ಸ್ಪೀಡು, ಗುಡ್ಡ ಹತ್ತೋದು ಎಲ್ಲ ಲಿಡಿಯಾರ್ಡ್ ಮಾಡಿಸ್ತಿದ್ರು, ಆದ್ರೆ ಬುನಾದಿ ಆದ್ಮೇಲೆ. ನಮ್ಮೋರು ಮೊದಲನೇ ವಾರಾನೇ ಜೋರು ಓಡಿ ಮೂರನೇ ವಾರ ಮಂಡಿ ಹಿಡ್ಕೊಂಡು ಕೂರ್ತಾರೆ.

ಅಯ್ಯೋ, ಸ್ಟುಡಿಯೋ ಗಾಜಿನಾಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ. ಇಂಟರ್ವಲ್, ಅಂದ್ರೆ ಜೋರು ಓಟ, ನಿಧಾನ ಓಟ ಒಂದಾದ್ಮೇಲೊಂದು ಮಾಡೋದು, ಅದ್ರ ಬಗ್ಗೆ ಬೇಗ ಹೇಳ್ಬಿಡ್ತೀನಿ, ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ, ವಾರಕ್ಕೊಂದು ದಿನ ಸಾಕು. ಮಿಕ್ಕ ದಿನ ಮಾತಾಡ್ಕೊಂಡು ಓಡಿ. ಕಬ್ಬನ್ ಪಾರ್ಕಲ್ಲಿ ಯಾರೋ ನಿಮ್ಮನ್ನ ದಾಟ್ಕೊಂಡು ಹೋದ್ರೆ ಹೋಗ್ಲಿ ಬಿಡ್ರೀ. ನಮಸ್ಕಾರ.