ಹಳೆ ಫೈಬರ್ ಬೋಟಿನ ದುರಸ್ತಿ: ಬಣ್ಣಕ್ಕಿಂತ ಮೊದಲು ಮರ

ಕೇಳುಗರೆ, ನಮಸ್ಕಾರ. ಗೋವಾದ ಮಾಂಡವಿ, ಜುವಾರಿ ದಂಡೆಗಳಲ್ಲಿ, ವಾಸ್ಕೊ, ಮಡಗಾಂವ್ ಕಡೆಯ ಹಿತ್ತಿಲುಗಳಲ್ಲಿ ಹಳೆ ಫೈಬರ್‌ಗ್ಲಾಸ್ ಮೋಟಾರ್ ಬೋಟುಗಳು ತಾಡಪತ್ರಿ ಹೊದ್ದು ಬಿದ್ದಿರುತ್ತವೆ. 14, 16 ಅಡಿಯ ಇಂಥ ಬೋಟನ್ನು ಕಡಿಮೆ ದುಡ್ಡಿಗೆ ಕೊಂಡು ಮನೆಯಲ್ಲೇ ಸರಿಮಾಡಿಕೊಳ್ಳಬೇಕು ಅನ್ನುವ ಕನ್ನಡಿಗರೂ ಇಲ್ಲಿದ್ದಾರೆ. ಈ ಹೊತ್ತಿನ ಮಾತು ಅವರಿಗಾಗಿ.

ಬೋಟು ಮನೆಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮಾಸಿದ ಬಣ್ಣದ ಮೇಲೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಹಳೆ ಕಾಲದವರು ಫೈಬರನ್ನು ಧಾರಾಳವಾಗಿ, ದಪ್ಪಗೆ ಹಾಕಿದ್ದಾರೆ. ಅದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಅದರೊಳಗೆ ಮುಚ್ಚಿಟ್ಟಿರುವ ಮರ. ಹಿಂಭಾಗದಲ್ಲಿ ಎಂಜಿನ್ ಹೊರುವ ಟ್ರಾನ್ಸಮ್ ಒಳಗೆ ಪ್ಲೈವುಡ್ ಇದೆ, ತಳದ ಉದ್ದಕ್ಕೂ ಓಡುವ ಸ್ಟ್ರಿಂಗರ್‌ಗಳ ಒಳಗೆ ಮರದ ಪಟ್ಟಿ ಇದೆ, ಕಾಲಿಡುವ ನೆಲವೂ ಸಾಮಾನ್ಯವಾಗಿ ಪ್ಲೈವುಡ್ಡೇ. ಯಾರೋ ಯಾವಾಗಲೋ ಸೀಲೆಂಟ್ ಹಚ್ಚದೆ ಬಿಗಿದ ಒಂದು ಸ್ಕ್ರೂ ಸಾಕು, ಆ ತೂತಿನಿಂದ ನೀರು ಒಳಗಿಳಿಯುತ್ತದೆ. ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಂತು ಮರವನ್ನು ಕೊಳೆಸುತ್ತದೆ.

ಪರೀಕ್ಷೆ ಕಷ್ಟವಲ್ಲ. ಪ್ಲಾಸ್ಟಿಕ್ ಸುತ್ತಿಗೆಯಿಂದ ಟ್ರಾನ್ಸಮ್ಮನ್ನು ಅಂಗೈ ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತ ಜಾಗ ದಬ್ ಅನ್ನುತ್ತದೆ. ಎಂಜಿನ್ ಇದ್ದರೆ ಅದನ್ನು ಮೇಲಕ್ಕೆತ್ತಿ ಕೆಳತುದಿಯನ್ನು ಅಲ್ಲಾಡಿಸಿ. ಟ್ರಾನ್ಸಮ್ ಬಾಗಿದ್ದು ಕಣ್ಣಿಗೆ ಕಂಡರೆ ಬೇರೆ ಪುರಾವೆ ಬೇಡ. ಅನುಮಾನ ಉಳಿದರೆ ಡ್ರಿಲ್ ಹಿಡಿಯಿರಿ. 6 ಮಿಲಿಮೀಟರ್ ಬಿಟ್‌ಗೆ 30 ಮಿಲಿಮೀಟರ್ ಆಳಕ್ಕೆ ಟೇಪ್ ಸುತ್ತಿ, ಒಳಗಡೆಯಿಂದ ಮೂರು ಕಡೆ ಕೊರೆಯಿರಿ: ನೀರು ಬಿಡುವ ತೂತಿನ ಪಕ್ಕ, ಎಂಜಿನ್ ಬೋಲ್ಟಿನ ಕೆಳಗೆ, ಒಂದು ಮೇಲಿನ ಮೂಲೆಯಲ್ಲಿ. ಹೊರಬರುವ ಹುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ತಿಳಿಬಣ್ಣದ, ಒಣಗಿದ, ಗರಿಗರಿ ಹುಡಿ ಬಂದರೆ ಮರ ಜೀವಂತವಾಗಿದೆ. ಕಪ್ಪಗಿದ್ದು, ಬೆರಳಲ್ಲಿ ಒತ್ತಿದರೆ ಒದ್ದೆ ಹತ್ತಿದರೆ, ಮೂಗಿಗೆ ಮುಗ್ಗಲು ವಾಸನೆ ಬಡಿದರೆ ಆ ಮರ ಹೋಯಿತು. ತೂತುಗಳನ್ನು ಆಮೇಲೆ ಎಪಾಕ್ಸಿ ಅನ್ನುವ ಎರಡು ಡಬ್ಬಿಯ ಅಂಟಿನಿಂದ ಮುಚ್ಚಿಬಿಡಿ.

ಕೊಳ್ಳುವ ಮುನ್ನವೇ ನೋಡಬೇಕಾದದ್ದು ಇನ್ನೊಂದಿದೆ. ತಳದ ಹಿಂಭಾಗದ ಸುಮಾರು ಒಂದೂವರೆ ಮೀಟರ್ ಉದ್ದಕ್ಕೆ ನೇರವಾದ ಪಟ್ಟಿ ಹಿಡಿಯಿರಿ. ತಳ ಒಳಕ್ಕೆ ಬಾಗಿದ್ದರೆ ಓಡುವಾಗ ಮೂತಿ ನೀರಿಗೆ ಒತ್ತುತ್ತದೆ. ಹೊರಕ್ಕೆ ಉಬ್ಬಿದ್ದರೆ ವೇಗ ಹೆಚ್ಚಿದಂತೆ ಬೋಟು ಕುಪ್ಪಳಿಸುತ್ತದೆ. ಮರ ಬದಲಿಸಬಹುದು, ಆಕಾರ ಕೆಟ್ಟ ತಳವನ್ನು ತಿದ್ದುವುದು ಮನೆಯ ಕೆಲಸವಲ್ಲ. ಅಂಥ ಬೋಟನ್ನು ಬಿಟ್ಟುಬಿಡಿ.

ಈಗ ಕಾಲದ ಲೆಕ್ಕ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಫೈಬರ್ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ತೇವದ ಗಾಳಿಯಲ್ಲಿ ಒದ್ದೆ ತಳ ಒಣಗುವುದಿಲ್ಲ, ಫೈಬರ್ ಎಳೆಗಳನ್ನು ಗಟ್ಟಿಯಾಗಿ ಹಿಡಿದಿಡುವ ದ್ರವ, ಅಂದರೆ ರೆಸಿನ್, ಸರಿಯಾಗಿ ಹಿಡಿಯುವುದಿಲ್ಲ. ಆ ನಾಲ್ಕು ತಿಂಗಳು ಎಂಜಿನ್ ಬಿಚ್ಚಿ, ವೈರಿಂಗ್ ಮಾಡಿ, ಸಾಮಾನು ಕೂಡಿಸಿ. ಅಕ್ಟೋಬರ್‌ನಲ್ಲಿ ನೆಲ ಕಿತ್ತು ಒಣಗಲು ಬಿಟ್ಟರೆ ಡಿಸೆಂಬರ್, ಜನವರಿಯಲ್ಲಿ ಫೈಬರ್ ಹಾಕಬಹುದು. ಚಳಿಗಾಲದ ಬೆಳಿಗ್ಗೆ ಇಲ್ಲಿ ಇಬ್ಬನಿ ಬೀಳುತ್ತದೆ. ಕೈಯಿಟ್ಟರೆ ತಣ್ಣಗೆ ಜಿಗುಟು ಅನಿಸುವ ಬೋಟಿನ ಮೈಮೇಲೆ ರೆಸಿನ್ ಹಚ್ಚಬೇಡಿ, ಹತ್ತು ಗಂಟೆ ದಾಟಲಿ.

ಟ್ರಾನ್ಸಮ್ ಬದಲಿಸುವುದು ಈ ಕೆಲಸದ ಎದೆಭಾಗ, ಅದನ್ನು ಬಿಡಿಸಿ ಹೇಳುತ್ತೇನೆ. ಬೋಟನ್ನು ಕನಿಷ್ಠ ನಾಲ್ಕು ಕಡೆ ಅಗಲವಾದ ಆಧಾರ ಕೊಟ್ಟು ಮಟ್ಟ ನೋಡಿ ಕೂರಿಸಿ. ಒಳಗಿನ ಫೈಬರ್ ಪದರವನ್ನು ಅಂಚಿನಿಂದ 75 ಮಿಲಿಮೀಟರ್ ಬಿಟ್ಟು ಗ್ರೈಂಡರ್‌ನಿಂದ ಕತ್ತರಿಸಿ ತೆಗೆಯಿರಿ. ಕೊಳೆತ ಪ್ಲೈವುಡ್ ಉಳಿಗೆ ಸಿಕ್ಕಷ್ಟು ಬರುತ್ತದೆ. ಕೆಳಗಿನ ಮೂಲೆಗಳಲ್ಲಿ ಮಾತ್ರ ಹಟ ಮಾಡುತ್ತದೆ, ಅಲ್ಲಿ ಅವಸರಪಟ್ಟರೆ ಹೊರಪದರ ತೂತಾಗುತ್ತದೆ. ನಂತರ 36 ನಂಬರಿನ ಡಿಸ್ಕಿನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ, ಧೂಳು ತೆಗೆದು, ಶುದ್ಧ ಬಟ್ಟೆಯಲ್ಲಿ ಅಸಿಟೋನ್ ಹಚ್ಚಿ ಒರೆಸಿ. ರಿಪೇರಿ ಮಾಡಿದ ಪದರ ವರ್ಷದೊಳಗೆ ಸಿಪ್ಪೆಯಂತೆ ಎದ್ದುಬರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಈ ಉಜ್ಜುವಿಕೆಯಲ್ಲಿನ ಸೋಮಾರಿತನವೇ.

ಹೊಸ ಮರಕ್ಕೆ ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ. ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಟ್ರಾನ್ಸಮ್ಮಿಗೆ 18 ಮಿಲಿಮೀಟರಿನ ಎರಡು ತುಂಡು ಬೇಕು. 8 ಅಡಿಗೆ 4 ಅಡಿಯ ಒಂದೇ ಹಾಳೆಯಲ್ಲಿ ಎರಡೂ ಸಿಗುತ್ತವೆ. ಫೈಬರ್ ಸೇರಿ ದಪ್ಪ 40 ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ, ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿನ ಹಿಡಿಕೆಗೆ ಅಷ್ಟು ಬೇಕು. ತುಂಡನ್ನು ತಳಕ್ಕೆ, ಪಕ್ಕಕ್ಕೆ ತಾಗುವಂತೆ ಕತ್ತರಿಸಬೇಡಿ. ಸುತ್ತಲೂ 5 ಮಿಲಿಮೀಟರ್ ಸಂದು ಬಿಡಿ. ಮರದ ಚೂಪು ಅಂಚು ಫೈಬರಿಗೆ ಒತ್ತಿ ಕೂತರೆ ಅದೇ ಗೆರೆಯಲ್ಲಿ ಮುಂದೆ ಬಿರುಕು ಬೀಳುತ್ತದೆ.

ಅಂಟಿಸಲು ನನ್ನ ಆಯ್ಕೆ ಎಪಾಕ್ಸಿ. ಪಾಲಿಯೆಸ್ಟರ್ ರೆಸಿನ್ ಅಗ್ಗ, ಹೊಸ ಬೋಟು ಕಟ್ಟಲು ಸಾಕು. ಆದರೆ ಮರಕ್ಕೂ ಹಳೆ ಫೈಬರಿಗೂ ಎಪಾಕ್ಸಿಯಷ್ಟು ಗಟ್ಟಿಯಾಗಿ ಅದು ಕಚ್ಚುವುದಿಲ್ಲ. ಮೊದಲು ಪ್ಲೈಗೆ, ವಿಶೇಷವಾಗಿ ಅದರ ಅಂಚುಗಳಿಗೆ, ತೆಳು ಎಪಾಕ್ಸಿಯನ್ನು ಎರಡು ಮೂರು ಸಲ ಕುಡಿಸಿ. ಇದನ್ನು ನೆರಳಿನಲ್ಲಿ, ಮಧ್ಯಾಹ್ನದ ಮೇಲೆ, ಮರದ ಬಿಸಿ ಇಳಿಯುವ ಹೊತ್ತಿಗೆ ಮಾಡಿ. ಬೆಳಿಗ್ಗೆ ಹಚ್ಚಿದರೆ ಮರ ಕಾಯುತ್ತಾ ಹೋಗಿ, ಒಳಗಿನ ಗಾಳಿ ಹಿಗ್ಗಿ, ಮೈತುಂಬ ಗುಳ್ಳೆ ಏಳುತ್ತದೆ. ಆಮೇಲೆ ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ ಶ್ರೀಖಂಡದ ಹದಕ್ಕೆ ತಂದು, ಹಲ್ಲಿರುವ ಕರಣೆಯಿಂದ ಎರಡೂ ಮೈಗೆ ಬಳಿದು, ಅಡ್ಡಪಟ್ಟಿ ಕೊಟ್ಟು ಕ್ಲಾಂಪ್ ಹಾಕಿ. ಅಂಚಿನಿಂದ ಅಂಟು ಸ್ವಲ್ಪ ಹೊರಬಂದರೆ ನಿಲ್ಲಿಸಿ. ಬಲಪ್ರದರ್ಶನ ಮಾಡಿ ಬಿಗಿದರೆ ಅಂಟೆಲ್ಲ ಹೊರಹರಿದು ನಡುವೆ ಏನೂ ಉಳಿಯುವುದಿಲ್ಲ.

ಸುತ್ತಲಿನ ಸಂದಿಗೆ ಅದೇ ಗಟ್ಟಿ ಮಿಶ್ರಣ ತುಂಬಿ, ಮೂಲೆಗಳನ್ನು ಸುಮಾರು 20 ಮಿಲಿಮೀಟರ್ ದುಂಡಗೆ ಮಾಡಿ. ನೇರ ಮೂಲೆಗೆ ಫೈಬರ್ ಬಟ್ಟೆ ಬಗ್ಗುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಅದರ ಮೇಲೆ ಚದರ ಮೀಟರಿಗೆ 600 ಗ್ರಾಂ ತೂಗುವ, ಎಳೆಗಳು ಎರಡು ದಿಕ್ಕಿಗಿರುವ ಬೈಆಕ್ಸಿಯಲ್ ಬಟ್ಟೆಯ ಮೂರು ಪದರ, ತಳಕ್ಕೂ ಪಕ್ಕಕ್ಕೂ 75, 125, 175 ಮಿಲಿಮೀಟರ್ ಹೀಗೆ ಮೆಟ್ಟಿಲಾಗಿ ಇಳಿಯಬೇಕು. ಬಟ್ಟೆಯ ತೂಕದಷ್ಟೇ ಎಪಾಕ್ಸಿ ಸಾಕು. ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವ, ತುಂಡೆಳೆಗಳ ಚಾಪ್ಡ್ ಮ್ಯಾಟನ್ನು ಎಪಾಕ್ಸಿಗೆ ಬಳಸಬೇಡಿ: ಅದರ ಎಳೆ ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗದೆ ಬಿರುಸಾಗಿಯೇ ಉಳಿಯುತ್ತದೆ.

ಸ್ಟ್ರಿಂಗರ್‌ಗಳಿಗೂ ಇದೇ ಕ್ರಮ. ಒಂದೇ ಎಚ್ಚರ: ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ. ಒಂದು ಕಿತ್ತು, ಹೊಸದು ಕೂರಿಸಿ, ಗಟ್ಟಿಯಾದ ಮೇಲೆ ಮುಂದಿನದು. ಎಲ್ಲ ಕಿತ್ತರೆ ತಳ ಆಧಾರ ತಪ್ಪಿ ಜೋಲುತ್ತದೆ, ಹಾಗೇ ಹೊಸ ಸ್ಟ್ರಿಂಗರ್ ಹಾಕಿದರೆ ಆ ಜೋಲು ಕಾಯಂ.

ರೆಸಿನ್ ಕಲಸುವಲ್ಲಿ ಎರಡು ಪದ್ಧತಿಗಳನ್ನು ಬೆರೆಸಿಕೊಂಡು ಕೆಡಿಸಿಕೊಳ್ಳುವವರು ಬಹಳ. ಪಾಲಿಯೆಸ್ಟರ್ ಗಟ್ಟಿಯಾಗಲು ಹಾಕುವ ಎಂಇಕೆಪಿ ಕ್ಯಾಟಲಿಸ್ಟನ್ನು ಬಿಸಿಲು ನೋಡಿ ಶೇಕಡಾ 1ರಿಂದ 2ರ ನಡುವೆ ಹೆಚ್ಚುಕಡಿಮೆ ಮಾಡಬಹುದು. ಇಲ್ಲಿನ 30 ಡಿಗ್ರಿ ಸೆಕೆಗೆ ಅರ್ಧ ಕಿಲೋ ರೆಸಿನ್‌ಗೆ 5 ಗ್ರಾಂ ಸಾಕು. ಎಪಾಕ್ಸಿಯ ಹಾರ್ಡ್ನರ್ ಹಾಗಲ್ಲ. ಡಬ್ಬಿಯ ಮೇಲೆ 100ಕ್ಕೆ 10 ಅಂತಿದ್ದರೆ 10 ಮಾತ್ರ, ತಕ್ಕಡಿಯಲ್ಲಿ ತೂಗಿ ಹಾಕಿ. ಬೇಗ ಒಣಗಲಿ ಅಂತ ಹೆಚ್ಚು ಸುರಿದರೆ ಅದು ಕೊನೆತನಕ ಮೆತ್ತಗೇ ಉಳಿಯುತ್ತದೆ. ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಕ್ಯಾಟಲಿಸ್ಟನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಸ್ಫೋಟವಾಗುತ್ತದೆ. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಯೇ ಡಬ್ಬಿ ತೆರೆಯಿರಿ, ತಾಗಿಬಿಟ್ಟರೆ ಕನಿಷ್ಠ 15 ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ಸ್ಟೈರೀನ್ ಹೊಗೆಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಉಳಿದ ರೆಸಿನನ್ನು ಡಬ್ಬಿಯಲ್ಲಿ ಹಾಗೇ ಬಿಟ್ಟರೆ ಕಾದು ಹೊಗೆಯಾಡುತ್ತದೆ, ಬೆಂಕಿ ಹತ್ತುವುದೂ ಉಂಟು. ಅಗಲ ತಟ್ಟೆಗೆ ಹರವಿ ಬಯಲಲ್ಲಿಡಿ.

ಇಷ್ಟಾದ ಮೇಲೆ ಹೊರಮೈ. ಫೈಬರಿನ ಹೊರಗಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಮಾಸಿದ್ದರೆ ಅದರ ಮೇಲೆ ನೀರು ಹಚ್ಚಿ ನೋಡಿ. ಒದ್ದೆಯಾದಾಗ ಬಣ್ಣ ಮರಳಿ ಬಂದರೆ 600, 800, 1000 ನಂಬರಿನ ವಾಟರ್ ಪೇಪರ್, ಆಮೇಲೆ ಕಾಂಪೌಂಡ್, ವ್ಯಾಕ್ಸ್, ಅಷ್ಟೇ. ಬಾರದಿದ್ದರೆ ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣ ಹೊಡೆಯಿರಿ. ಎಪಾಕ್ಸಿ ಹಾಕಿದ ಜಾಗದ ಮೇಲೆ ಜೆಲ್‌ಕೋಟ್ ನಂಬಿಕೆಗೆ ಯೋಗ್ಯವಲ್ಲ, ಅಲ್ಲಿ ಬಣ್ಣವೇ ಸರಿ. ಜೇಡರಬಲೆಯಂಥ ಬಿರುಕುಗಳಿದ್ದರೆ ಕೆಳಗೆ ಏನೋ ಅಲುಗುತ್ತಿದೆ ಅಂತ ಅರ್ಥ. ಅದನ್ನು ಬಿಗಿ ಮಾಡದೆ ತುಂಬಿದ ಬಿರುಕು ಮತ್ತೆ ಬಾಯಿ ಬಿಡುತ್ತದೆ.

ಪೆಟ್ರೋಲಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ಬೋಟಿನಲ್ಲಿ ಫೈಬರಿನದೇ ಟ್ಯಾಂಕ್ ಇದ್ದರೆ ಎಥೆನಾಲ್ ಅದರ ರೆಸಿನನ್ನು ಮೆತ್ತಗೆ ಮಾಡಿ ಎಂಜಿನ್ನಿಗೆ ಸಾಗಿಸುತ್ತದೆ. ಆ ಟ್ಯಾಂಕನ್ನೂ ಹಳೆ ರಬ್ಬರ್ ಪೈಪುಗಳನ್ನೂ ಹಿಂದೆಮುಂದೆ ನೋಡದೆ ಬದಲಿಸಿ. ನಟ್ಟು ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಮಾಂಡವಿ, ಜುವಾರಿಯ ಕೆಳಹರಿವಿನ ನೀರು ಉಪ್ಪು ಸಿಹಿ ಬೆರೆತದ್ದು, ಅಲ್ಲಿ ಎಂಜಿನ್ನಿಗೆ ಅಲ್ಯೂಮಿನಿಯಂ ಆನೋಡ್, ಅಂದರೆ ತಾನು ಸವೆದು ಎಂಜಿನ್ನಿನ ಲೋಹವನ್ನು ಉಳಿಸುವ ತುಂಡು, ಒಳ್ಳೆಯದು.

ಎಂಜಿನ್ ಬೋಲ್ಟಿಗೆ ನೇರವಾಗಿ 13 ಮಿಲಿಮೀಟರ್ ತೂತು ಕೊರೆದರೆ ಮತ್ತೆ ಹಳೆ ಕಥೆಯೇ. 20 ಮಿಲಿಮೀಟರ್ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಆರಿದ ಮೇಲೆ ನಡುವೆ 13 ಕೊರೆಯಿರಿ. ಆಗ ಬೋಲ್ಟಿನ ಸುತ್ತ ಮರವೇ ಕಾಣುವುದಿಲ್ಲ. ನೆಲ ಮುಚ್ಚುವ ಮುಂಚೆ ಒಳಗಿನ ಕೆಲಸದ ಫೋಟೊ ತೆಗೆದಿಡಿ. ಗೋವಾದಲ್ಲಿ ಬೋಟಿನ ನೋಂದಣಿ, ಸರ್ವೇ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಕೆಲಸ, ಅಲ್ಲಿಗೆ ಹೋಗುವಾಗ ಕೈಯಲ್ಲಿ ಫೋಟೊ ಇದ್ದರೆ ಅನುಕೂಲ.

ಮೊದಲ ಸಲ ನೀರಿಗಿಳಿಸುವಾಗ ಟ್ರೇಲರ್ ಮೇಲೆಯೇ ಹತ್ತು ನಿಮಿಷ ತೇಲಿಸಿ, ತಳದಲ್ಲಿ ನೀರು ಕೂತಿದೆಯೇ ನೋಡಿ. ಕಡಿಮೆ ವೇಗದಲ್ಲಿ ಒಂದು ಗಂಟೆ ಓಡಿಸಿ ಬಂದು ಎಂಜಿನ್ ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ಪರೀಕ್ಷಿಸಿ, ಸಿಹಿನೀರಿನಲ್ಲಿ ಎಂಜಿನ್ ತೊಳೆಯಿರಿ. ನಿಲ್ಲಿಸಿಡುವಾಗ ಮೂತಿ ಎತ್ತರಕ್ಕಿರಲಿ, ತಳದ ಬಿರಡೆ ತೆಗೆದಿರಲಿ. ನಮಸ್ಕಾರ.