ಹೊಸ ಪಾಯಿಂಟ್ ಟೂ ಟೂ ಪಿಸ್ತೂಲನ್ನು ಯಾವಾಗ ನಂಬಬಹುದು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಟೆಕ್ಸಾಸಿಗೆ ಬಂದ ಮೇಲೆ ಗುರಿ ಹೊಡೆಯುವ ಅಭ್ಯಾಸ ಶುರು ಮಾಡಿದ ನಮ್ಮ ಕನ್ನಡದವರು ಈಗ ಒಂದು ಗುಂಪಷ್ಟು ಆಗಿದ್ದಾರೆ. ಅವರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದೇ. "ಅಣ್ಣ, ಕಲಿಯೋಕೆ ಗ್ಲಾಕ್ 44 ತಗೊಳ್ಳಲಾ? ಪಾಯಿಂಟ್ ಟೂ ಟೂ ಆದ್ರೆ ಮಧ್ಯೆ ಮಧ್ಯೆ ನಿಂತುಹೋಗುತ್ತೆ ಅಂತಾರೆ, ನಿಜಾನಾ?" ಪಾಯಿಂಟ್ ಟೂ ಟೂ ಅಂದರೆ ಸುಮಾರು 0.22 ಅಂಗುಲ ದಪ್ಪದ ಗುಂಡಿರುವ ಸಣ್ಣ ತೋಟಾ. ಅದನ್ನು ಹೊಡೆಯುವ ಪಿಸ್ತೂಲು ಗ್ಲಾಕ್ 44. ಅದು ಬಂದದ್ದು 2020ರ ಜನವರಿಯಲ್ಲಿ. ಆಮೇಲೆ ಬೇರೆ ಕಂಪನಿಗಳೂ ಹೊಸ ಮಾದರಿ ತಂದಿವೆ. ಪ್ರತಿ ಸಲವೂ ಇದೇ ಪ್ರಶ್ನೆ ಬರುತ್ತದೆ. ಅದಕ್ಕೆ ಇವತ್ತು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಕೊಡಗಿನಲ್ಲಿ ಬೆಳೆದವನು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ ನಡೆಯುತ್ತದೆ. ಪಾಯಿಂಟ್ ಟೂ ಟೂ ರೈಫಲ್ಲಿಗೆ ಅಲ್ಲಿ ಬೇರೆಯದೇ ವಿಭಾಗ ಇರುತ್ತದೆ. ಅಲ್ಲಿನ ಹಿರಿಯರಿಗೆ ಕೇಪಿನ ಕೋವಿ, ತೋಟಾ ಕೋವಿ ಎರಡೂ ಗೊತ್ತು. ಆ 'ಕೇಪು' ಎನ್ನುವ ಮಾತು ನಮಗೆ ಈಗ ಬಹಳ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಪಿಸ್ತೂಲುಗಳಿಗೆ ಹಾಕುವ 9 ಎಂಎಂ ತೋಟಾದ ತಳದ ನಡುವೆ, ಬಡಿದರೆ ಕಿಡಿ ಕೊಡುವ ಪುಟ್ಟ ಕೇಪು ಕೂತಿರುತ್ತದೆ. ಟ್ರಿಗರ್ ಎಳೆದಾಗ ಪಿಸ್ತೂಲಿನೊಳಗಿನ ಸೂಜಿ ಅದಕ್ಕೆ ಬಡಿದರೆ ಮದ್ದು ಹತ್ತಿಕೊಳ್ಳುತ್ತದೆ. ಪಾಯಿಂಟ್ ಟೂ ಟೂ ತೋಟಾದಲ್ಲಿ ಹಾಗೆ ಬೇರೆ ಕೇಪು ಇಲ್ಲ. ತಳದ ಸುತ್ತ ಒಂದು ಅಂಚು ಇದೆ, ಒಳಗೆ ಪೊಳ್ಳು. ಕಿಡಿ ಕೊಡುವ ಮದ್ದನ್ನು ಹಸಿಯಾಗಿ ಹಾಕಿ, ತೋಟಾವನ್ನು ಗಿರ್ರನೆ ತಿರುಗಿಸಿ, ಆ ಅಂಚಿನೊಳಗೆ ಹರಡುವಂತೆ ಮಾಡುತ್ತಾರೆ. ಸೂಜಿ ಬಡಿಯುವುದು ಅಂಚಿಗೆ. ರಿಮ್‌ಫೈರ್ ಅಂದರೆ ಇಷ್ಟೇ. 1887ರಿಂದ ಈ ತೋಟಾ ಹೀಗೇ ಇದೆ. ಅಗ್ಗವಾಗಿ ಸಿಗುವುದಕ್ಕೂ ಆಗಾಗ ಕೈಕೊಡುವುದಕ್ಕೂ ಕಾರಣ ಇದೇ ಕಟ್ಟಣೆ. ಅಂಚಿನ ಒಂದು ಕಡೆ ಮದ್ದು ಸರಿಯಾಗಿ ಹರಡದೆ ಉಳಿದಿದ್ದು, ಸೂಜಿ ಅಲ್ಲೇ ಬಡಿಯಿತು ಅಂದರೆ ಬರೀ 'ಟಿಕ್' ಅನ್ನುತ್ತದೆ.

ಹೀಗಾದಾಗ ಪಿಸ್ತೂಲನ್ನು ಬೈಯುವ ಮುಂಚೆ ತೋಟಾ ನೋಡಿ. ಮೊದಲು ಮೂವತ್ತು ಸೆಕೆಂಡು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳುವುದೂ ಉಂಟು. ಆಮೇಲೆ ತೆಗೆದು ಅಂಚಿನ ಗುರುತು ನೋಡಿ. ತಗ್ಗು ಆಳವಾಗಿದ್ದೂ ಹತ್ತಿಲ್ಲ ಅಂದರೆ ತಪ್ಪು ಬಹುತೇಕ ತೋಟಾದ್ದು. ಗುರುತು ತೆಳುವಾಗಿದ್ದರೆ ಸೂಜಿ ಜೋರಾಗಿ ಬಡಿದಿಲ್ಲ. ಆಗ ಪಿಸ್ತೂಲಿನ ಮೇಲೆ ಅನುಮಾನ ಪಡಿ. ಇನ್ನೊಂದು ಮಾತು, ಇದು ಬಹಳ ಮುಖ್ಯ: 'ಟುಸ್' ಅಂತ ಸಣ್ಣ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು.

ಎರಡನೇ ತೊಂದರೆ ಬಲದ್ದು. ಈ ತೋಟಾದ ಶಕ್ತಿ 9 ಎಂಎಂ ಶಕ್ತಿಯ ಮೂರನೇ ಒಂದು ಪಾಲಿನ ಆಸುಪಾಸು. ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾ ಎಸೆದು, ಹೊಸದನ್ನು ಏರಿಸುವ ಕೆಲಸವೆಲ್ಲ ಇಷ್ಟರಲ್ಲೇ ಆಗಬೇಕು. ಅದಕ್ಕೇ ಗ್ಲಾಕ್ 44ರ ಸ್ಲೈಡನ್ನು ಉಕ್ಕು ಮತ್ತು ಪಾಲಿಮರ್ ಸೇರಿಸಿ ಹಗುರ ಮಾಡಿದ್ದಾರೆ. ಅಳತೆ ಮಾತ್ರ ಅದೇ ಕಂಪನಿಯ 9 ಎಂಎಂ ಪಿಸ್ತೂಲಾದ ಗ್ಲಾಕ್ 19ರದ್ದೇ. ಅದರ ಹೋಲ್‌ಸ್ಟರ್‌ನಲ್ಲಿ ಇದೂ ಕೂರುತ್ತದೆ. ತೂಕ ಮಾತ್ರ ಸುಮಾರು 400 ಗ್ರಾಂ, ಗ್ಲಾಕ್ 19 ಆದರೆ 600 ಗ್ರಾಂ ದಾಟುತ್ತದೆ. ಇಷ್ಟು ಹಗುರ ಮಾಡಿದರೂ ಬಲ ಕಡಿಮೆಯ ತೋಟಾ ಹಾಕಿದರೆ ಸ್ಲೈಡು ಪೂರ್ತಿ ಹಿಂದೆ ಹೋಗದೇ ಇರಬಹುದು. ಮೊದಲು ಸಿಸಿಐ ಕಂಪನಿಯ ಮಿನಿ ಮ್ಯಾಗ್‌ನಂಥ ವೇಗದ ತೋಟಾದಿಂದ ಶುರು ಮಾಡಿ. ಈ ತೋಟಾದಿಂದ ಪಿಸ್ತೂಲಿನೊಳಗೆ ಮೇಣ, ಸೀಸ, ಮಸಿ ಬೇಗ ಕಟ್ಟಿಕೊಳ್ಳುತ್ತದೆ, ಒರೆಸುವುದನ್ನು ಮರೆಯಬೇಡಿ.

ಮೂರನೆಯದು ನಮ್ಮ ಕೈಯದೇ ತಪ್ಪು. ತೋಟಾ ತುಂಬಿಸಿ ಪಿಸ್ತೂಲಿಗೆ ಸಿಕ್ಕಿಸುವ ಪೆಟ್ಟಿಗೆಗೆ ಮ್ಯಾಗಜಿನ್ ಅನ್ನುತ್ತಾರೆ. ಮ್ಯಾಗಜಿನ್‌ನ ಪಕ್ಕದ ಗುಂಡಿಯನ್ನು ಪೂರ್ತಿ ಕೆಳಗೆಳೆದು ತೋಟಾಗಳನ್ನು ಸುಮ್ನೆ ಒಳಗೆ ಸುರಿದರೆ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಒಂದು ತೋಟಾಗೆ ಬೇಕಾದಷ್ಟೇ ಎಳೆದು ಒಂದೊಂದಾಗಿ ಹಾಕಿ. ಹತ್ತೇ ತಾನೇ ಹಿಡಿಯುವುದು, ಅವಸರ ಯಾಕೆ?

ಹಾಗಾದರೆ ಒಂದು ಪಿಸ್ತೂಲನ್ನು ನಂಬಬಹುದು ಅಂತ ಗೊತ್ತಾಗುವುದು ಯಾವಾಗ? ಐವತ್ತು ತೋಟಾದ ಒಂದು ಡಬ್ಬಿ ಮುಗಿಸಿ "ಒಂದೂ ನಿಲ್ಲಲಿಲ್ಲ" ಅನ್ನುವವರಿದ್ದಾರೆ. ನೂರಕ್ಕೆ ಎರಡು ಸಲ ನಿಲ್ಲುವ ಪಿಸ್ತೂಲು ಕೂಡ ಇಂಥ ಮೂರು ಡಬ್ಬಿಯಲ್ಲಿ ಒಂದನ್ನು ತಡೆಯಿಲ್ಲದೆ ಮುಗಿಸಿಬಿಡುತ್ತದೆ. ಲೆಕ್ಕ ಹಾಗೇ ಇದೆ. ಒಂದೇ ಬಗೆಯ ತೋಟಾ ಐನೂರು ಹೊಡೆದು ಒಂದೂ ನಿಲ್ಲದಿದ್ದರೆ, ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಸಾಕಷ್ಟು ಧೈರ್ಯವಾಗಿ ಹೇಳಬಹುದು. ನನ್ನ ಮೊದಲ ಪಾಯಿಂಟ್ ಟೂ ಟೂ ಮೊದಲ ಡಬ್ಬಿಯಲ್ಲೇ ಮೂರು ಸಲ ನಿಂತಿತ್ತು. ಅದನ್ನು ಮಾರಿಬಿಡಬೇಕು ಅಂತಿದ್ದೆ. ತೋಟಾ ಬದಲಾಯಿಸಿದೆ, ಸರಿಹೋಯಿತು. ಅವತ್ತಿನಿಂದ ನಾನು ಪಿಸ್ತೂಲಿಗೆ ಮಾತ್ರ ಅಂಕ ಕೊಡುವುದಿಲ್ಲ, ಪಿಸ್ತೂಲು ಮತ್ತು ತೋಟಾ ಜೋಡಿಗೆ ಕೊಡುತ್ತೇನೆ.

ಹೊಸ ಮಾದರಿ ಬಂದ ಕೂಡಲೇ ಓಡಬೇಡಿ ಅನ್ನುವುದಕ್ಕೂ ಕಾರಣ ಇದೆ. ರೂಗರ್ ಕಂಪನಿಗೆ ಪಾಯಿಂಟ್ ಟೂ ಟೂ ಪಿಸ್ತೂಲು ಮಾಡುವುದರಲ್ಲಿ 1949ರಿಂದ ಅನುಭವ. ಆದರೂ 2016ರಲ್ಲಿ ತಂದ ಮಾರ್ಕ್ 4 ಪಿಸ್ತೂಲುಗಳನ್ನು ಮರುವರ್ಷವೇ ವಾಪಸ್ ಕರೆಸಿ ಸರಿಪಡಿಸಬೇಕಾಯಿತು. ಗುಂಡು ಹಾರದಂತೆ ತಡೆಯುವ ಸೇಫ್ಟಿ ಗುಂಡಿ ಅರ್ಧದಲ್ಲಿ ನಿಂತಿದ್ದಾಗ ಟ್ರಿಗರ್ ಎಳೆದರೆ, ಆಮೇಲೆ ಗುಂಡಿ ಸರಿಸುವಾಗ ಗುಂಡು ಹಾರುವ ಸಾಧ್ಯತೆ ಇತ್ತು. ಅದನ್ನು ಕಂಪನಿಯೇ ಮುಂದೆ ಬಂದು ಹೇಳಿತು, ಒಳ್ಳೆಯ ಕೆಲಸ. ನಾವು ಒಂದು ವರ್ಷ ತಡೆದರೆ ಕಳೆದುಕೊಳ್ಳುವುದು ಏನೂ ಇಲ್ಲ, ಅಲ್ವಾ?

ಇನ್ನು ಹಣದ ಮಾತು. ಗ್ಲಾಕ್ 44ಕ್ಕೆ ಬಿಡುಗಡೆಯಾದಾಗ ಕಂಪನಿ ಹೇಳಿದ ಬೆಲೆ 430 ಡಾಲರ್. ಸಾಮಾನ್ಯ ದಿನಗಳಲ್ಲಿ 9 ಎಂಎಂಗಿಂತ ಒಂದು ತೋಟಾಗೆ 15 ಸೆಂಟ್ ಉಳಿಯುತ್ತದೆ ಅಂದುಕೊಳ್ಳಿ. ತಿಂಗಳಿಗೆ ಮುನ್ನೂರು ಹೊಡೆಯುವವರಿಗೆ 45 ಡಾಲರ್ ಉಳಿತಾಯ. ಹತ್ತು ತಿಂಗಳೊಳಗೆ ಪಿಸ್ತೂಲಿನ ದುಡ್ಡು ಹುಟ್ಟಿತು. ತಿಂಗಳಿಗೆ ಐವತ್ತು ಹೊಡೆಯುವವರಿಗೆ ಸುಮಾರು ಐದು ವರ್ಷ ಬೇಕು. ಅಂಥವರು ದುಡ್ಡು ಉಳಿಸಲಿಕ್ಕೆ ಅಂತ ಇದನ್ನು ಕೊಳ್ಳಬೇಡಿ.

ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಹೊಸಬರು ಗುಂಡು ಹಾರುವಾಗಿನ ಸದ್ದಿಗೆ, ಪಿಸ್ತೂಲಿನ ಒದೆತಕ್ಕೆ ಮೊದಲೇ ಬೆಚ್ಚಿ ಕೈಯನ್ನು ಕೆಳಗೆ ತಳ್ಳುತ್ತಾರೆ. ಒದೆತ ಕಡಿಮೆಯಾದರೆ ಆ ಹೆದರಿಕೆ ನಿಧಾನಕ್ಕೆ ಬಿಡುತ್ತದೆ. ಹೋದ ತಿಂಗಳು ಒಬ್ಬ ತಂಗಿ ಹೊಡೆಯುತ್ತಿದ್ದಾಗ ತೋಟಾ ಹತ್ತಲಿಲ್ಲ. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆಯ ತುದಿ ಒಂದು ಅಂಗುಲ ಕೆಳಗಿಳಿಯಿತು. ಅವರು ಅದನ್ನು ತಾವೇ ಕಂಡರು. ಎಷ್ಟು ದಿನದಿಂದ ನಾನು ಬಾಯಲ್ಲಿ ಹೇಳುತ್ತಿದ್ದದ್ದು ಆ ಒಂದು 'ಟಿಕ್'ನಲ್ಲಿ ಅರ್ಥವಾಯಿತು. ಆದರೆ ಒದೆಯುವ ಪಿಸ್ತೂಲನ್ನು ಹಿಡಿದು ಮತ್ತೆ ಗುರಿಗೆ ತರುವುದನ್ನು ಇದು ಕಲಿಸುವುದಿಲ್ಲ. ಅದಕ್ಕೇ ಕೊನೆಯ ಇಪ್ಪತ್ತು ಮೂವತ್ತು ಗುಂಡು 9 ಎಂಎಂನಲ್ಲೇ ಹೊಡೆಸುತ್ತೇನೆ.

ನಾಳೆ ರೇಂಜಿಗೆ ಬರುವವರು ಕಣ್ಣಿಗೆ, ಕಿವಿಗೆ ರಕ್ಷಣೆ ತನ್ನಿ. ಒಂದು ಸಣ್ಣ ನೋಟ್‌ಬುಕ್ಕೂ ಇರಲಿ. ತೋಟಾದ ಹೆಸರು, ಎಷ್ಟನೇ ಗುಂಡಿಗೆ ನಿಂತಿತು, ಗುರುತು ಆಳವೋ ತೆಳುವೋ, ಇಷ್ಟು ಬರೆದರೆ ಸಾಕು. ಐನೂರು ಮುಗಿದ ಮೇಲೆ ಆ ಪುಟ ನನಗೂ ತೋರಿಸಿ.